ಮೇಹೆಮ್‌ನ ‘ಡಿ ಮಿಸ್ಟೀರಿಸ್ ಡಾಮ್ ಸಥಾನಾಸ್’ ಸದ್ದು ಮನೆಯಲ್ಲಿ ಬರಿಸೋದು ಹೇಗೆ? ನಮ್ಮ ಗಿಟಾರ್ ಬರೀ ಗುಂಯ್ ಅಂತಿದೆ

ಕಾರ್ಗತ್ತಲ_ರಿಫ್
ಮೂರು ಜನ ಸೇರಿ ನಾಲ್ಕು ಹಾಡಿನ ಬ್ಲ್ಯಾಕ್ ಮೆಟಲ್ ಡೆಮೊ ಮಾಡ್ತಿದ್ದೀವಿ. ತಲೇಲಿರೋ ಸದ್ದು ನಾರ್ವೆಯ ಬ್ಯಾಂಡ್ ಮೇಹೆಮ್‌ನ 1994ರ ಆ ಆಲ್ಬಂದು. ಈಗ ಮಾಡ್ತಿರೋದು ಇಷ್ಟು: ಗಿಟಾರಿನಿಂದ ಡಿಸ್ಟಾರ್ಷನ್ ಪೆಡಲ್, ಅಲ್ಲಿಂದ ನೇರವಾಗಿ ಆಡಿಯೊ ಇಂಟರ್‌ಫೇಸ್. ಗೇನ್ ಪೂರ್ತಿ. ಒಂದು ಟೇಕ್ ನುಡಿಸಿ, ಅದನ್ನೇ ಕಾಪಿ ಮಾಡಿ ಎಡಕ್ಕೊಂದು ಬಲಕ್ಕೊಂದು. ಬಲಗಡೆಯದನ್ನ 15 ಮಿಲಿಸೆಕೆಂಡ್ ಹಿಂದಕ್ಕೆ ತಳ್ಳಿದ್ದೀವಿ. ಡ್ರಮ್ ಪ್ರೋಗ್ರಾಂ ಮಾಡಿದ್ದು, 190 ಬಿಪಿಎಂ. ಎಲ್ಲದರ ಮೇಲೂ ಒಂದೇ ಹಾಲ್ ರಿವರ್ಬ್, 3 ಸೆಕೆಂಡ್.

ಬಂದಿರೋದು: ಗಿಟಾರ್ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ, ಕಾರ್ಡ್ ಯಾವುದು ಅಂತಲೇ ತಿಳಿಯಲ್ಲ. ಫೋನ್ ಸ್ಪೀಕರಲ್ಲಿ ಹಾಕಿದ್ರೆ ಗಿಟಾರ್ ಅರ್ಧಕ್ಕರ್ಧ ಮಾಯ. ಸ್ನೇರ್ ಮಸುಕು. ಹಿಂದೆ ಒಂದು ಹಮ್ ಬೇರೆ. ‘ಬ್ಲ್ಯಾಕ್ ಮೆಟಲ್ ಅಂದ್ರೆ ಕಚ್ಚಾ ಇರ್ಬೇಕು, ಹೀಗೇ ಬಿಡೋಣ’ ಅಂತ ಬ್ಯಾಂಡ್‌ನಲ್ಲಿ ವಾದ. ನನಗೆ ಒಪ್ಪಿಗೆ ಆಗ್ತಿಲ್ಲ. ಗೊತ್ತಿರೋರು ಹೇಳಿ.

ಸುತ್ತಿಗೆ_ಸದ್ದು
ಎಚ್‌ಎಂ-2 ತಗೋ ಮಗಾ. ನಾಲ್ಕೂ ನಾಬ್ ಪೂರ್ತಿ ತಿರುಗಿಸು. ಮುಗೀತು.

ಹಿಮಗಲ್ಲು
@ಸುತ್ತಿಗೆ_ಸದ್ದು ಅದು ಬೇರೆ ದೇಶ, ಬೇರೆ ಸಂಗೀತ ಗುರು. ಬಾಸ್ ಕಂಪನಿಯ ಎಚ್‌ಎಂ-2 ಡಿಸ್ಟಾರ್ಷನ್ ಪೆಡಲ್‌ನ ನಾಬ್ ಪೂರ್ತಿ ತಿರುಗಿಸಿದ ಸದ್ದು ಸ್ಟಾಕ್‌ಹೋಮ್‌ನ ಸನ್‌ಲೈಟ್ ಸ್ಟುಡಿಯೊದ್ದು: ಎಂಟೂಮ್ಡ್, 1990ರ ‘ಲೆಫ್ಟ್ ಹ್ಯಾಂಡ್ ಪಾತ್’. ಸ್ವೀಡನ್ನಿನ ಡೆತ್ ಮೆಟಲ್ ಅದು. ಆ ಪೆಡಲ್ 1 ಕಿಲೊಹರ್ಟ್ಜ್ ಸುತ್ತ ಗುಡ್ಡ ಎಬ್ಬಿಸುತ್ತೆ, ಪವರ್ ಕಾರ್ಡ್‌ಗೆ ಸರಿ. ಮೇಹೆಮ್ ಥರ ಐದು ತಂತಿಯ ಮೈನರ್ ಕಾರ್ಡ್ ಹಾಕಿ ನೋಡು, ಒಂದು ಸ್ವರವೂ ಬಿಡಿಸಿ ಕೇಳಲ್ಲ.

ಹಳೇ_ರೀಲು
ಮೊದಲು ‘ಕಚ್ಚಾ’ ಅನ್ನೋ ವಾದ ಮುಗಿಸೋಣ. ಮಿಕ್ಕಿದ್ದೆಲ್ಲ ಅಲ್ಲಿಂದಲೇ ದಾರಿ ತಪ್ತಿರೋದು.

ಈ ಆಲ್ಬಂ ಗ್ಯಾರೇಜಲ್ಲಿ ಹುಟ್ಟಿದ್ದಲ್ಲ. 1992-93ರಲ್ಲಿ ನಾರ್ವೆಯ ಬರ್ಗೆನ್‌ನ ಗ್ರೀಗ್‌ಹಾಲೆನ್‌ನಲ್ಲಿ ರೆಕಾರ್ಡ್ ಆಯ್ತು. ಅದು ಬರ್ಗೆನ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದ ಮನೆ, 1978ರಲ್ಲಿ ತೆರೆದ, ಸಾವಿರದ ಐನೂರು ಜನ ಕೂರೋ ಕಛೇರಿ ಭವನ. ಬೋರ್ಡಿನ ಹಿಂದೆ ಕೂತವರು ಐರಿಕ್ ಹುಂಡ್‌ವಿನ್, ಎಲ್ಲರೂ ಪಿಟ್ಟೆನ್ ಅಂತಾರೆ. ಎಂಪರರ್ ‘ಇನ್ ದ ನೈಟ್‌ಸೈಡ್ ಎಕ್ಲಿಪ್ಸ್’ ರೆಕಾರ್ಡ್ ಮಾಡಿದ್ದೂ 1993ರಲ್ಲಿ ಅಲ್ಲೇ, ಅವರ ಹತ್ತಿರವೇ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ. ಡ್ರಮ್ ಸುತ್ತ ಜಾಗ ಇದೆ, ಗಾಳಿ ಇದೆ. ಅದು ತಪ್ಪಿನಿಂದ ಬಂದದ್ದಲ್ಲ, ಕಿವಿ ಇದ್ದವರು ಬೇಕಂತ ಇಟ್ಟದ್ದು.

ನಂಬಿಕೆ ಬರದಿದ್ರೆ ಇನ್ನೊಂದು ಪರೀಕ್ಷೆ. ‘ಫ್ರೀಜಿಂಗ್ ಮೂನ್’ ಮೂರು ಕಡೆ ಕೇಳಿ: 1990ರ ನವೆಂಬರಲ್ಲಿ ಲೈಪ್‌ಜಿಗ್‌ನಲ್ಲಿ ನುಡಿಸಿದ್ದು, 1994ರ ಆಲ್ಬಂದು, 2015ರ ಡಿಸೆಂಬರಲ್ಲಿ ಸ್ವೀಡನ್ನಿನ ನೊರ್‌ಶೆಪಿಂಗ್‌ನಲ್ಲಿ ಇಡೀ ಆಲ್ಬಂ ನುಡಿಸಿದಾಗಿನದು. ಹಾಡು ಅದೇ, ಡ್ರಮ್ಮರ್ ಅದೇ ಹೆಲ್‌ಹ್ಯಾಮರ್. ಮಾರ್ದನಿ ಮಾತ್ರ ಪ್ರತಿ ಸಲ ಬೇರೆ. ನಿಮ್ಮ ತಲೇಲಿರೋದು ಎರಡನೆಯದು. ಅಂದ್ರೆ ನಿಮಗೆ ಬೇಕಿರೋದು ಕಚ್ಚಾತನ ಅಲ್ಲ, ಜಾಗ.

ಉಗ್ರ_ಟ್ರೆಮೊಲೊ
@ಹಳೇ_ರೀಲು ಒಪ್ಪಲ್ಲ ಸರ್. ಡಾರ್ಕ್‌ಥ್ರೋನ್ ‘ಟ್ರಾನ್ಸಿಲ್ವೇನಿಯನ್ ಹಂಗರ್’ 1993ರ ಕೊನೇಲಿ ಫೆನ್ರಿಜ್ ಮನೆಯ ನಾಲ್ಕು ಟ್ರ್ಯಾಕ್ ಮಷೀನಲ್ಲೇ ಆಗಿದ್ದು, ವಾದ್ಯ ಎಲ್ಲಾ ಅವನೊಬ್ಬನೇ. ಬರ್ಜಮ್‌ನ ‘ಫಿಲೊಸೊಫೆಮ್’ನಲ್ಲಿ ಗಿಟಾರ್ ಆಂಪ್ ಬದಲು ಮನೆಯ ಸ್ಟೀರಿಯೊ ಆಂಪ್ಲಿಫೈಯರ್, ಹಳೇ ಫಜ್ ಪೆಡಲ್, ದನಿಗೆ ಹೆಡ್‌ಸೆಟ್ ಮೈಕ್. ಕಚ್ಚಾ ಸದ್ದೇ ಈ ಸಂಗೀತದ ಜೀವ.

ಹಳೇ_ರೀಲು
ನೀವು ಕೊಟ್ಟ ಉದಾಹರಣೆಗಳೇ ನನ್ನ ಕಡೆ ಸಾಕ್ಷಿ. ಫೆನ್ರಿಜ್ ಅದಕ್ಕೂ ಮೊದಲು ‘ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ’ಯನ್ನ ಸ್ಟುಡಿಯೊದಲ್ಲೇ ಮಾಡಿದ್ದ. ಸ್ಟುಡಿಯೊ ಗೊತ್ತಿದ್ದೂ ನಾಲ್ಕು ಟ್ರ್ಯಾಕ್ ಆರಿಸಿಕೊಂಡ, ಹಾಡುಗಳನ್ನೂ ಅದಕ್ಕೆ ತಕ್ಕ ಹಾಗೆ ಬರೆದ: ಒಂದೇ ಡ್ರಮ್ ನಡೆ, ಉದ್ದುದ್ದ ರಿಫ್, ಎಡೆಬಿಡದ ಹರಿವು. ಬರ್ಜಮ್‌ನ ಹೆಡ್‌ಸೆಟ್ ಮೈಕ್ ಕೂಡ ಹುಡುಕಿ ಆರಿಸಿದ್ದೇ, ಸಿಕ್ಕದ್ದರಲ್ಲಿ ಕೆಟ್ಟದ್ದು ಬೇಕು ಅಂತ. ಇವರ ಹಾಡಲ್ಲಿ ಕಾರ್ಡ್ ಯಾವುದು ಅಂತ ಕೇಳ್ತಿಲ್ಲವಲ್ಲ, ಅದನ್ನ ಯಾರೂ ಆರಿಸಿಲ್ಲ. ತಾನಾಗಿ ಆಗಿದೆ.

ಓಮ್_ಲೆಕ್ಕ
ಗಿಟಾರ್ ವಿಷಯಕ್ಕೆ ಬರ್ತೀನಿ, ಮೂರು ತೊಂದರೆ ಇದೆ.

ಒಂದು: ಕ್ಯಾಬಿನೆಟ್ ಇಲ್ಲ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೊಹರ್ಟ್ಜ್ ಮೇಲೆ ಕಡಿದಾಗಿ ಬಿದ್ದುಹೋಗುತ್ತೆ. ಪೆಡಲ್‌ನಿಂದ ನೇರ ಇಂಟರ್‌ಫೇಸ್‌ಗೆ ಕೊಟ್ರೆ ಡಿಸ್ಟಾರ್ಷನ್ ಹುಟ್ಟಿಸಿದ ಹಾರ್ಮೋನಿಕ್ಸ್ 10, 12, 15 ಕಿಲೊವರೆಗೂ ಹಾಗೇ ಬರುತ್ತೆ. ಆ ಗುಂಯ್ ಅದೇ. 12 ಇಂಚಿನ ಸ್ಪೀಕರಿನ ಐಆರ್ (ಇಂಪಲ್ಸ್ ರೆಸ್ಪಾನ್ಸ್, ಆ ಸ್ಪೀಕರಿನ ಸದ್ದಿನ ಅಚ್ಚು ಇರೋ ಫೈಲ್) ಒಂದನ್ನ ಪ್ಲಗಿನ್‌ನಲ್ಲಿ ಹಾಕಿ, ಪುಕ್ಕಟೆ ಸಿಗೋದೇ ಸಾಕು. ಆಮೇಲೆ 90 ಹರ್ಟ್ಜ್ ಕೆಳಗೆ, 8 ಕಿಲೊ ಮೇಲೆ ಕತ್ತರಿಸಿ. ಡಿಸ್ಟಾರ್ಷನ್ ಮೊದಲು, ಐಆರ್ ಆಮೇಲೆ. ಉಲ್ಟಾ ಹಾಕಿದ್ರೆ ಏನೂ ಪ್ರಯೋಜನ ಇಲ್ಲ.

ಎರಡು: ಆ 15 ಮಿಲಿಸೆಕೆಂಡ್. ಒಂದೇ ಟೇಕ್ ಎರಡು ಸಲ, ಒಂದು ತಡವಾಗಿ. ಮೊನೊ ಆದ ಕೂಡಲೇ ಎರಡೂ ಕೂಡಿ 33, 100, 167, 233 ಹರ್ಟ್ಜ್, ಹೀಗೆ 67 ಹರ್ಟ್ಜ್‌ಗೊಂದು ಗುಂಡಿ ಬೀಳುತ್ತೆ, ಮೇಲಿನವರೆಗೂ. ಫೋನಲ್ಲಿ ಗಿಟಾರ್ ಮಾಯ ಆಗೋದು ಇದಕ್ಕೇ. ಪರಿಹಾರ ಒಂದೇ, ಎರಡನೇ ಸಲ ಕೈಯಿಂದ ನುಡಿಸೋದು.

ಮೂರು: ಗೇನ್. ಡಿಸ್ಟಾರ್ಷನ್‌ನೊಳಗೆ ಎರಡು ಸ್ವರ ಹೋದ್ರೆ ಅವುಗಳ ವ್ಯತ್ಯಾಸದ ಆವರ್ತನವೂ ಹುಟ್ಟುತ್ತೆ. ಪವರ್ ಕಾರ್ಡ್‌ನಲ್ಲಿ ಇ 82.4, ಬಿ 123.5, ವ್ಯತ್ಯಾಸ 41: ಕೆಳಗಿನ ಇ ಸ್ವರವೇ ಸಿಕ್ತು, ಕಿವಿಗೆ ಹಿತ. ಮೈನರ್ ಥರ್ಡ್‌ನಲ್ಲಿ ಇ 164.8, ಜಿ 196, ವ್ಯತ್ಯಾಸ 31: ಅದು ಬರೀ ಗೊರಗೊರ. ಗೇನ್ ಹೆಚ್ಚಾದಷ್ಟೂ ಈ ಗೊರಗೊರ ಕಾರ್ಡನ್ನ ನುಂಗುತ್ತೆ. ಮೇಹೆಮ್ ಗಿಟಾರಿಸ್ಟ್ ಯೂರೋನಿಮಸ್ ರಿಫ್‌ಗಳಲ್ಲಿ ಪಾಮ್ ಮ್ಯೂಟ್ (ಅಂಗೈಯಿಂದ ತಂತಿ ಅದುಮಿ ನುಡಿಸೋದು) ಕಮ್ಮಿ, ತೆರೆದ ಮೈನರ್ ಕಾರ್ಡ್‌ಗಳೇ ಜಾಸ್ತಿ. ಹಾಗಾಗಿ ಗೇನ್ ಅರ್ಧಕ್ಕೆ ಇಳಿಸಿ. ಒಬ್ಬರೇ ನುಡಿಸುವಾಗ ತೀರಾ ಸಪ್ಪೆ ಅನ್ನಿಸಬೇಕು. ನಾಲ್ಕು ಪದರ ಕೂಡಿದಾಗ ಸರಿಹೋಗುತ್ತೆ.

ಕಾರ್ಗತ್ತಲ_ರಿಫ್
ನಾಲ್ಕು ಪದರ ಅಂದ್ರೆ ನಾಲ್ಕು ಸಲ ಪ್ರತ್ಯೇಕ ನುಡಿಸೋದಾ? ಪ್ಯಾನ್ ಹೇಗೆ?

ಓಮ್_ಲೆಕ್ಕ
ಹೌದು, ನಾಲ್ಕೂ ಪ್ರತ್ಯೇಕ. ಎರಡು ಪೂರ್ತಿ ಎಡ-ಬಲ. ಇನ್ನೆರಡು 60-70 ಪರ್ಸೆಂಟ್ ಎಡ-ಬಲ, 4ರಿಂದ 6 ಡಿಬಿ ಕೆಳಗೆ, ಇನ್ನೂ ಕಡಿಮೆ ಗೇನ್‌ನಲ್ಲಿ. ಸಾಧ್ಯ ಇದ್ರೆ ಎರಡನೇ ಜೋಡಿಗೆ ಬೇರೆ ಪಿಕಪ್ ಇಲ್ಲವೇ ಬೇರೆ ಐಆರ್. ಪ್ರತಿ ಟೇಕ್‌ಗೂ ಶ್ರುತಿ ಮಾಡಲೇಬೇಕು. ಟ್ರೆಮೊಲೊ (ಒಂದೇ ಸ್ವರವನ್ನ ವೇಗವಾಗಿ ಮತ್ತೆ ಮತ್ತೆ ಹೊಡೆಯೋ) ಹೊಡೆತಕ್ಕೆ ಮೂರು ನಿಮಿಷದಲ್ಲೇ ತಂತಿ ಇಳಿದಿರುತ್ತೆ. ನಾಲ್ಕು ಪದರದಲ್ಲಿ 5 ಸೆಂಟ್ ಹೆಚ್ಚುಕಮ್ಮಿ ಆದ್ರೂ ಎತ್ತರದ ತಂತಿಗಳಲ್ಲಿ ಅಲೆಅಲೆಯಾಗಿ ಕೇಳುತ್ತೆ.

ಹಿಮಗಲ್ಲು
ಕೈ ವಿಷಯ ಯಾರೂ ಹೇಳ್ತಿಲ್ಲ. 190 ಬಿಪಿಎಂನಲ್ಲಿ ಸಿಕ್ಸ್‌ಟೀಂತ್ (ಬೀಟಿಗೆ ನಾಲ್ಕು ಏಟು) ಅಂದ್ರೆ ಸೆಕೆಂಡಿಗೆ ಹನ್ನೆರಡಕ್ಕೂ ಮೇಲೆ ಏಟು. ಪಿಕ್ ದಪ್ಪ ಇರಲಿ, 1 ಮಿಲಿಮೀಟರ್ ಇಲ್ಲ ಮೇಲೆ. ತೆಳು ಪಿಕ್ ಬಾಗಿ ವಾಪಸ್ ಬರೋದ್ರೊಳಗೆ ಮುಂದಿನ ಏಟು ತಪ್ಪುತ್ತೆ. ಪಿಕ್ಕಿನ ತುದಿ ತಂತಿಯೊಳಗೆ 1-2 ಮಿಲಿಮೀಟರಿಗಿಂತ ಆಳ ಹೋಗಬಾರದು. ಚಲನೆ ಮಣಿಕಟ್ಟಿಂದ ಬರಲಿ. ಮೊಣಕೈ ಬಿಗಿ ಹಿಡಿದ್ರೆ ಅರ್ಧ ಹಾಡಲ್ಲೇ ಕೈ ಸತ್ತುಹೋಗುತ್ತೆ. 140ರಲ್ಲಿ ಶುದ್ಧವಾಗಿ ಬಂದ ಮೇಲೆ 5-5 ಬಿಪಿಎಂ ಏರಿಸಿ. ಡಿಸ್ಟಾರ್ಷನ್ ಇಲ್ಲದ ಸದ್ದಲ್ಲಿ ಅಭ್ಯಾಸ ಮಾಡಿ, ಅಲ್ಲಿ ತಪ್ಪು ಅಡಗಲ್ಲ.

ಧಾರವಾಡ_ಡ್ರಮ್ಸ್
ಡ್ರಮ್ಮಿಂದು ನಾ ಹೇಳ್ತೀನ್ರಿ. 190ಕ್ಕ ಬ್ಲಾಸ್ಟ್ (ಕಿಕ್, ಸ್ನೇರ್ ಎಡೆಬಿಡದ ಜೋರ್ ವೇಗದಾಗ) ಹೊಡದ್ರ ಸ್ನೇರ್ ಏಟು 158 ಮಿಲಿಸೆಕೆಂಡಿಗೊಂದು ಬೀಳ್ತದ. ನೀವು ಹಾಕಿದ್ದು 3 ಸೆಕೆಂಡಿನ ರಿವರ್ಬ್. ಒಂದ್ ಏಟಿನ ಬಾಲ ಮುಗಿಯೂದ್ರಾಗ ಇನ್ನ ಹದಿನೆಂಟು ಏಟು ಬಂದಿರ್ತಾವ. ಮಸುಕಾಗದ ಏನಾಗಬೇಕ್ರಿ?

ಹಿಂಗ ಮಾಡ್ರಿ. ಕಿಕ್‌ಗೆ ರಿವರ್ಬ್ ಬ್ಯಾಡ, ಒಂದ್ ಹನಿನೂ ಬ್ಯಾಡ. ಸ್ನೇರ್, ಟಾಮ್‌ಗೆ ಒಂದ್ ಸೆಂಡ್, ಬಾಲ 1.2ರಿಂದ 1.6 ಸೆಕೆಂಡ್, ಪ್ರೀ-ಡಿಲೇ 20-30 ಮಿಲಿಸೆಕೆಂಡ್. ಪ್ರೀ-ಡಿಲೇ ಇದ್ರ ಮೊದಲಿನ ಏಟು ಚೊಕ್ಕ ಕೇಳಿಸಿ ಆಮ್ಯಾಲ ಜಾಗ ತೆರಿತದ. ರಿವರ್ಬ್ ಟ್ರ್ಯಾಕ್ ಮ್ಯಾಲೇ ಇಕ್ಯು ಹಚ್ಚಿ 300 ಹರ್ಟ್ಜ್ ಕೆಳಗ, 6 ಕಿಲೊ ಮ್ಯಾಲ ಕತ್ತರಿಸ್ರಿ. ನಿಧಾನ ಭಾಗ ಬಂದಾಗ ಸೆಂಡ್ 3-4 ಡಿಬಿ ಏರಿಸ್ರಿ, ಬ್ಲಾಸ್ಟ್ ಶುರು ಆದ ಕೂಡಲೇ ಇಳಿಸ್ರಿ. ಇದನ್ನ ಆಟೊಮೇಷನ್‌ನಾಗ ಬರೀಬೇಕು, ಒಂದ ಅಳತಿ ಇಡೀ ಹಾಡಿಗೆ ಹೊಂದೂದಿಲ್ಲ.

ಇನ್ನ ಪ್ರೋಗ್ರಾಮಿಂಗ್. ಎಲ್ಲಾ ಏಟು 127 ವೆಲಾಸಿಟಿ (ಏಟಿನ ಜೋರು, 127 ಅಂದ್ರ ಪೂರಾ) ಇಟ್ಟೀರಿ ಅನ್ನಸ್ತದ. ಖರೇ ಡ್ರಮ್ಮರ್ ಬ್ಲಾಸ್ಟ್‌ನಾಗ ಪೂರಾ ಜೋರ್ ಹೊಡಿಯೂದಿಲ್ಲ, ಕೈ ಎತ್ತಾಕ ಟೈಮೇ ಇರೂದಿಲ್ಲ. ಸ್ನೇರ್ 85ರಿಂದ 100ರ ನಡುವ ಏರುಪೇರು, ನಾಕು ಬೀಟಿಗೊಮ್ಮೆ ಒಂದ್ 110. ಸಮಯ 3-5 ಮಿಲಿಸೆಕೆಂಡ್ ಅತ್ತಿತ್ತ. ರೈಡ್, ಹೈಹ್ಯಾಟ್ ಸ್ನೇರ್ ಕೂಡ ಜೋಡಿ ಬಿದ್ರ ಎರಡೂ ಒಂದ ಗೆರಿ ಮ್ಯಾಲ ಇಡಬ್ಯಾಡ್ರಿ. ಹೆಲ್‌ಹ್ಯಾಮರನ ಸಿಂಬಲ್ ಕೆಲಸಾ ಕಿವಿ ಕೊಟ್ಟು ಕೇಳ್ರಿ, ಬ್ಲಾಸ್ಟ್ ನಡುವ ಎಲ್ಲೆಲ್ಲಿ ಕ್ರ್ಯಾಶ್ ಇಟ್ಟಾನ ಅಂತ. ರಿಫ್ ತಿರುಗೂ ಜಾಗ ಅಂವಾ ಮೊದಲ ಹೇಳಿಬಿಡ್ತಾನ. ಆ ಆಲ್ಬಂದಾಗ ನನಗ ಗಿಟಾರಿಗಿಂತ ಅದ ದೊಡ್ಡದು.

ಉಗ್ರ_ಟ್ರೆಮೊಲೊ
ಗಿಟಾರಿಗಿಂತ ದೊಡ್ಡದಾ! ಬ್ಲ್ಯಾಕ್ ಮೆಟಲ್ ಅಂದ್ರೆ ರಿಫ್ ಕಣ್ರೀ.

ಧಾರವಾಡ_ಡ್ರಮ್ಸ್
ಡ್ರಮ್ ಮ್ಯೂಟ್ ಮಾಡಿ ‘ಫ್ಯೂನರಲ್ ಫಾಗ್’ ನೆನಸ್ಕೊಂಡ್ ನೋಡ್ರಿ. ಆಮ್ಯಾಲ ಮಾತಾಡೂಣ.

ಸುತ್ತಿಗೆ_ಸದ್ದು
ಹಮ್ ವಿಷಯಕ್ಕೆ: ಆಂಪ್ ಪ್ಲಗ್‌ನ ಮೂರನೇ ಪಿನ್ ತೆಗೆದುಬಿಡು, ಹಮ್ ಹೋಗುತ್ತೆ.

ಓಮ್_ಲೆಕ್ಕ
@ಸುತ್ತಿಗೆ_ಸದ್ದು ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ. ಯಾರೂ ಪಾಲಿಸಬೇಡಿ. ಅರ್ಥ್ ತೆಗೆದ ಆಂಪಿನೊಳಗೆ ಒಂದು ಇನ್ಸುಲೇಷನ್ ಕೆಟ್ರೆ ಚಾಸಿಸ್‌ಗೆ 230 ವೋಲ್ಟ್. ಅಲ್ಲಿಂದ ಕೇಬಲ್ ಶೀಲ್ಡ್ ಮೂಲಕ ಗಿಟಾರ್ ತಂತಿಗೆ. ಬೆರಳು ತಂತಿ ಮೇಲೆ, ತುಟಿ ಮೈಕಿಗೆ ತಾಗಿದ್ರೆ ಜೀವ ಹೋಗುತ್ತೆ.

ಹಮ್ ಹುಡುಕೋ ಕ್ರಮ ಹೀಗೆ. ಗಿಟಾರ್ ವಾಲ್ಯೂಮ್ ಸೊನ್ನೆ ಮಾಡಿ. ಹಮ್ ನಿಂತ್ರೆ ಅದು ಗಿಟಾರ್ ಕಡೆಯದು: ಸಿಂಗಲ್ ಕಾಯಿಲ್ ಆಗಿದ್ರೆ ನೀವು ಕೂತ ದಿಕ್ಕನ್ನ 90 ಡಿಗ್ರಿ ತಿರುಗಿಸಿ, ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ಡಿಮ್ಮರ್ ಆರಿಸಿ. ನಿಲ್ಲದಿದ್ರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ. ಎರಡು ಪಿನ್ ಚಾರ್ಜರಿನ ಗಲಾಟೆ ಬಹಳ ಸಲ ಅಲ್ಲೇ ಮುಗಿಯುತ್ತೆ. ಇನ್ನೂ ಇದ್ರೆ ಸಾಕೆಟ್ ಅರ್ಥ್ ನೋಡಿಸಿ. ಫೇಸ್‌ನಿಂದ ಅರ್ಥ್‌ಗೆ 230ರ ಹತ್ತಿರ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಎರಡು ಮೂರು ವೋಲ್ಟ್ ಒಳಗೆ ಬರಬೇಕು. ಫೇಸ್-ಅರ್ಥ್ ನಡುವೆ ನೂರೋ ನೂರಿಪ್ಪತ್ತೋ ತೋರಿಸಿದ್ರೆ ಮೂರನೇ ತೂತಿಗೆ ತಂತಿಯೇ ಇಲ್ಲ ಅಂತ ಅರ್ಥ. ಹಳೇ ಬಾಡಿಗೆ ಮನೆಗಳಲ್ಲಿ ಇದು ಮಾಮೂಲು. ಅಳತೆ, ರಿಪೇರಿ ಎರಡೂ ಎಲೆಕ್ಟ್ರಿಷಿಯನ್ ಕೈಲೇ ಆಗಲಿ.

ಸುತ್ತಿಗೆ_ಸದ್ದು
ಸರಿ ಅಣ್ಣ, ಯಾರೂ ಪಿನ್ ತೆಗೀಬೇಡಿ.

ಮಂಜಿನ_ಮಸಿ
ಬೇಸ್ ಬಗ್ಗೆ ಯಾರೂ ಕೇಳಲೇ ಇಲ್ಲ. ಆ ಆಲ್ಬಂನಲ್ಲಿ ಬೇಸ್ ಅಳಿಸಿಹಾಕಿದ್ದಾರಂತಲ್ಲ?

ಹಳೇ_ರೀಲು
ಇಲ್ಲ, ಇದೆ. ಯೂರೋನಿಮಸ್‌ನ 1993ರ ಆಗಸ್ಟ್ 10ರಂದು ಕೊಂದದ್ದು ಅದೇ ಆಲ್ಬಂಗೆ ಬೇಸ್ ನುಡಿಸಿದ ವಾರ್ಗ್ ವಿಕರ್ನೆಸ್. ಆ ಬೇಸ್ ತೆಗೀರಿ ಅಂತ ಯೂರೋನಿಮಸ್ ಮನೆಯವರು ಕೇಳಿದ್ರು. ಬೇರೆ ನುಡಿಸ್ತೀನಿ ಅಂತ ಹೇಳಿದ ಹೆಲ್‌ಹ್ಯಾಮರ್ ಕೊನೆಗೆ ನುಡಿಸಲಿಲ್ಲ. ಮಿಕ್ಸ್‌ನಲ್ಲಿ ಕೆಳಗಿದೆ, ಹೆಡ್‌ಫೋನ್ ಹಾಕಿದ್ರೆ ನಿಧಾನ ಭಾಗಗಳಲ್ಲಿ ಚೆನ್ನಾಗಿ ಕೇಳುತ್ತೆ. ಸಾಹಿತ್ಯದ ಬಹುಪಾಲು 1991ರ ಏಪ್ರಿಲಲ್ಲಿ ತೀರಿಕೊಂಡ ಹಿಂದಿನ ಹಾಡುಗಾರ ಡೆಡ್‌ದು; ಮುಗಿಯದೆ ಉಳಿದದ್ದನ್ನ ಪೂರ್ತಿ ಮಾಡೋಕೆ ಗಿಟಾರಿಸ್ಟ್ ಸ್ನೋರೆ ರೂಕ್ ನೆರವಾದ. ರಿಫ್‌ಗಳಲ್ಲೂ ಅವನ ಪಾಲಿದೆ, ಜನ ಅವನನ್ನ ಮರೀತಾರೆ.

ಅರಳಿಕಟ್ಟೆ
ಇಷ್ಟೆಲ್ಲ ಗೊತ್ತಿದ್ದೂ ಈ ಆಲ್ಬಂನ ಆರಾಧನೆ ಯಾಕೆ? ಕೊಲೆ, ಚರ್ಚ್‌ಗಳಿಗೆ ಬೆಂಕಿ. ಮುಖಪುಟದಲ್ಲಿ ಟ್ರೋಂಡ್‌ಹೈಮ್‌ನ ನಿಡಾರೋಸ್ ಕ್ಯಾಥೆಡ್ರಲ್ ಇರೋದೂ ಸುಮ್ಮನೆ ಅಲ್ಲ.

ಮಂಜಿನ_ಮಸಿ
ಆರಾಧನೆ ಯಾರೂ ಮಾಡ್ತಿಲ್ಲ ಅಕ್ಕಾ, ಗಿಟಾರ್ ಸದ್ದು ಕೇಳ್ತಿದ್ದಾರೆ.

ಅರಳಿಕಟ್ಟೆ
ಸದ್ದನ್ನ ಕಲಿಯಿರಿ, ಬೇಡ ಅನ್ನಲ್ಲ. ಆದ್ರೆ ಕೊಲೆಯನ್ನ ಆಲ್ಬಂನ ‘ವಾತಾವರಣ’ದ ಭಾಗ ಅಂತ ಮಾರೋರಿದ್ದಾರೆ, ಅದು ನನಗೆ ಆಗಲ್ಲ. ಹಾಡುಗಳು ಆ ಕೊಲೆಗೂ ಎಷ್ಟೋ ಮೊದಲೇ ಬರೆದವು. ಸಂಗೀತದ ಬಲಕ್ಕೆ ಆ ಕಥೆ ಬೇಕಿಲ್ಲ.

ಹಳೇ_ರೀಲು
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಓಮ್_ಲೆಕ್ಕ
ಬೇಸ್‌ಗೆ ವಾಪಸ್ ಬರೋಣ. ನಿಮ್ಮ ಡೆಮೊದಲ್ಲಿ ಬೇಸ್ ಅಡಗಿಸಬೇಡಿ. ಗಿಟಾರ್ ಗೇನ್ ಇಳಿಸಿದ ಮೇಲೆ ಮೈ ತುಂಬೋದು ಅದೇ. ಡಿಐ (ಆಂಪ್ ಇಲ್ಲದೆ ನೇರ ರೆಕಾರ್ಡ್ ಮಾಡಿದ್ದು) ತಗೊಂಡು ಟ್ರ್ಯಾಕ್ ಎರಡು ಮಾಡಿ: ಒಂದರಲ್ಲಿ 200 ಹರ್ಟ್ಜ್ ಮೇಲಿನದು ತೆಗೆದು ಗಟ್ಟಿ ಕಂಪ್ರೆಸ್ ಮಾಡಿ, ಇನ್ನೊಂದರಲ್ಲಿ 200 ಕೆಳಗಿನದು ತೆಗೆದು ಲಘು ಡಿಸ್ಟಾರ್ಷನ್ ಕೊಡಿ. ಎರಡೂ ನಡುವೆ. ಗಿಟಾರ್ ಹೊಡೆದಷ್ಟು ಸಿಕ್ಸ್‌ಟೀಂತ್ ಬೇಸ್‌ನಲ್ಲಿ ಬೇಡ, ಎಯ್ಟ್ತ್ ಸಾಕು.

ಕುಡ್ಲದ_ಕ್ಯಾಸೆಟ್
ನಾಲ್ಕು ಟ್ರ್ಯಾಕ್ ಅಂತ ಮೇಲೆ ಬಂತಲ್ಲ ಮಾರಾಯ್ರೆ, ಯಾರಾದ್ರೂ ಹಳೇ ಮಷೀನ್ ತಗೊಳ್ಳುವ ಮೊದಲು ಇದನ್ನು ನೋಡಿ. ನಾಲ್ಕು ಟ್ರ್ಯಾಕ್ ಕ್ಯಾಸೆಟ್ ರೆಕಾರ್ಡರ್‌ಗೆ ಟೈಪ್-2, ಅಂದ್ರೆ ಕ್ರೋಮ್ ಟೇಪೇ ಬೇಕು. ಮಾಮೂಲಿ ಟೈಪ್-1 ಹಾಕಿದ್ರೆ ಬಯಾಸ್ ಹೊಂದುವುದಿಲ್ಲ, ಸದ್ದು ಮಂಕಾಗುತ್ತದೆ. ಸಿ-60 ಸಾಕು, ಸಿ-120ರ ತೆಳು ಟೇಪ್ ಸುತ್ತಿಕೊಳ್ಳುತ್ತದೆ. ಮೊದಲು ಕೆಡುವುದು ರಬ್ಬರ್ ಬೆಲ್ಟ್ ಮತ್ತು ಪಿಂಚ್ ರೋಲರ್. ಬೆಲ್ಟ್ ಕರಗಿ ಡಾಂಬರಿನಂತಾಗಿದ್ರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಪೂರಾ ಒರೆಸಿಯೇ ಹೊಸತು ಹಾಕಬೇಕು. ಹೆಡ್ಡನ್ನೂ ಅದರಲ್ಲೇ ಒರೆಸಿ. ರಬ್ಬರ್ ರೋಲರ್‌ಗೆ ಮಾತ್ರ ಆಲ್ಕೊಹಾಲ್ ಬೇಡ, ಒಣಗಿ ಬಿರಿಯುತ್ತದೆ.

ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಟೇಪಿಗೆ ಬಿಳಿ ಬೂಸ್ಟು ಹಿಡಿಯುತ್ತದೆ. ಬೂಸ್ಟು ಹಿಡಿದ ಕ್ಯಾಸೆಟ್ ಮಷೀನಿಗೆ ಹಾಕಿದ್ರೆ ಹೆಡ್ಡಿಗೂ ಮೆತ್ತಿ ಮುಂದಿನ ಕ್ಯಾಸೆಟ್‌ಗೂ ಹೋಗುತ್ತದೆ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ಇಷ್ಟು ಇರಲಿ.

ಉಗ್ರ_ಟ್ರೆಮೊಲೊ
ಇದು ಉಪಯೋಗದ ಮಾತು. ಟೇಪ್ ಸ್ಯಾಚುರೇಷನ್ ಬೇಕಂದ್ರೆ ಲೆವೆಲ್ ಎಷ್ಟು?

ಕುಡ್ಲದ_ಕ್ಯಾಸೆಟ್
ಗಿಟಾರ್ ಮುಳ್ಳು +3ರ ಸುತ್ತ ಆಡಲಿ. ಸ್ನೇರ್ 0 ದಾಟದಿರಲಿ, ಮುಳ್ಳು ತೋರಿಸುವುದಕ್ಕಿಂತ ಅದರ ತುದಿ ಮೇಲಿರುತ್ತದೆ. ಡಿಬಿಎಕ್ಸ್ (ಟೇಪಿನ ಹಿಸ್ ತಗ್ಗಿಸುವ ವ್ಯವಸ್ಥೆ) ಆನ್ ಇಟ್ಟು ರೆಕಾರ್ಡ್ ಮಾಡಿದ್ದನ್ನು ಆಫ್ ಮಾಡಿ ಕೇಳಿದ್ರೆ ಹಿಸುಗುಟ್ಟುತ್ತದೆ, ಯಾವುದಕ್ಕೆ ಹೇಗೆ ಅಂತ ಲೇಬಲ್ ಮೇಲೆ ಬರೆದಿಡಿ.

ಕಾರ್ಗತ್ತಲ_ರಿಫ್
ಐಆರ್ ಹಾಕಿ, ಗೇನ್ ಅರ್ಧ ಇಳಿಸಿ ಎರಡು ಪ್ರತ್ಯೇಕ ಟೇಕ್ ತಗೊಂಡ್ವಿ. ಕಾರ್ಡ್ ಬಿಡಿಸಿ ಕೇಳ್ತಿದೆ! ಫೋನಲ್ಲೂ ಉಳೀತು. ಹಮ್ ಚಾರ್ಜರ್‌ದೇ. ಇನ್ನು ದನಿ. ಸಾಹಿತ್ಯ ಕನ್ನಡದಲ್ಲೇ ಇದೆ. ಕಿರುಚಿದಾಗ ಪದದ ಕೊನೆಗಳು ನುಂಗಿಹೋಗ್ತಿವೆ.

ಹಿಮಗಲ್ಲು
ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ಅದರಲ್ಲೂ ‘ಉ’. ಕಿರುಚುವ ದನಿಯಲ್ಲಿ ಹ್ರಸ್ವ ‘ಉ’ ನಿಲ್ಲಲ್ಲ. ಸಾಲಿನ ಕೊನೆಗೆ ‘ಆ’, ‘ಓ’, ‘ಏ’ ಬರೋ ಹಾಗೆ ಬರೆಯಿರಿ, ಎಳೆಯೋಕೆ ಬಾಯಿ ತೆರೆದಿರುತ್ತೆ. ಒತ್ತಕ್ಷರ ನಿಮ್ಮ ಆಸ್ತಿ: ಕ್ಕ, ಟ್ಟ, ತ್ತ ಸ್ನೇರ್ ಮೇಲೆ ಬಿದ್ರೆ ಎರಡೂ ಸೇರಿ ಒಂದೇ ಏಟು. ಬೆಂಗಳೂರಿನ ದ್ವೇಷ ಬ್ಯಾಂಡ್‌ನ 2014ರ ‘ಸ್ತೂಪ’ ಕೇಳಿ. ಅದು ಡೆತ್ ಮೆಟಲ್, ದನಿ ಇನ್ನೂ ತಗ್ಗು. ಆದ್ರೂ ಕನ್ನಡ ಆ ಸದ್ದಲ್ಲಿ ಎಷ್ಟು ಗಟ್ಟಿ ಕೂರುತ್ತೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ.

ಅರಳಿಕಟ್ಟೆ
ಆ ಆಲ್ಬಂನಲ್ಲಿ ಹಾಡಿದ ಅತ್ತಿಲ ಚಿಹಾರ್‌ನ ಸುಮ್ಮನೆ ಅನುಕರಿಸಬೇಡಿ. ಹಂಗೇರಿಯವನು, ಅದಕ್ಕೂ ಮೊದಲು ಟಾರ್ಮೆಂಟರ್‌ನಲ್ಲಿ ಹಾಡ್ತಿದ್ದ. ಆಲ್ಬಂನ ಶೀರ್ಷಿಕೆ ಹಾಡಲ್ಲಿ ಅವನು ಕಿರುಚೋದೇ ಕಡಿಮೆ. ಗೊಣಗ್ತಾನೆ, ಮಂತ್ರದ ಥರ ಎಳೀತಾನೆ, ಕೆಲವು ಕಡೆ ಒಪೆರಾದವರ ಹಾಗೆ ದನಿ ತುಂಬ್ತಾನೆ. ಗಂಟಲು ಹಿಂಡಿ ಬಂದ ದನಿ ಅಲ್ಲ, ಉಸಿರು ಹೊಟ್ಟೆಯಿಂದ ಬರ್ತಿದೆ. ನೋವು ಶುರುವಾದ್ರೆ ಅಲ್ಲಿಗೇ ನಿಲ್ಲಿಸಿ, ಆ ದಿನ ಮತ್ತೆ ಬೇಡ. ಮೈಕ್ ತಲೆಯನ್ನ ಕೈಯಲ್ಲಿ ಮುಚ್ಚಿ ಹಿಡೀಬೇಡಿ, 1 ಕಿಲೊ ಸುತ್ತ ಉಬ್ಬಿ ಅಕ್ಷರ ಎಲ್ಲಾ ಹೋಗುತ್ತೆ. ಬಾಯಿಂದ 10-15 ಸೆಂಟಿಮೀಟರ್, ಸ್ವಲ್ಪ ಓರೆಯಾಗಿ.

ಧಾರವಾಡ_ಡ್ರಮ್ಸ್
ದನಿಗೆ ಡ್ರಮ್ಮಿನ ರಿವರ್ಬೇ ಒಂದೀಟು ಕಳಸ್ರಿ. ಇಬ್ರೂ ಒಂದ ಕೋಣ್ಯಾಗ ನಿಂತಂಗ ಅನಸ್ತದ. ಗಿಟಾರಿಗೆ ಮಾತ್ರ ಹಚ್ಚಬ್ಯಾಡ್ರಿ, ನಾಕು ಪದರದ್ದ ಅಗಲ ಸಾಕು.

ಉಗ್ರ_ಟ್ರೆಮೊಲೊ
ಗಿಟಾರಿಗೂ ಬೇಕು. ರಿವರ್ಬ್ ಇಲ್ಲದ ಗಿಟಾರ್ ಥ್ರ್ಯಾಷ್ ಆಗುತ್ತೆ.

ಓಮ್_ಲೆಕ್ಕ
ಎರಡೂ ಸಾಧ್ಯ. ಗಿಟಾರ್‌ಗೆ ರಿವರ್ಬ್ ಹಾಕೋದಾದ್ರೆ 0.8 ಸೆಕೆಂಡ್ ಮೀರಬೇಡಿ, ಎಡ ಗಿಟಾರಿನ ಮಾರ್ದನಿಯನ್ನ ಬಲಕ್ಕೆ ಕೊಡಿ, ಬಲದ್ದನ್ನ ಎಡಕ್ಕೆ. ಹಾಕಿ, ತೆಗೆದು, ಮೊನೊದಲ್ಲಿ ಕೇಳಿ ತೀರ್ಮಾನ ಮಾಡಿ. ಮಾಸ್ಟರ್‌ನಲ್ಲಿ ಲಿಮಿಟರ್ ಒತ್ತಿ ಜೋರು ಮಾಡೋಕೆ ಹೋಗಬೇಡಿ, ಮಾಡಿದ ಜಾಗ ಎಲ್ಲಾ ಅಲ್ಲೇ ಮುಚ್ಚಿಹೋಗುತ್ತೆ. ಟ್ರೂ ಪೀಕ್ −1 ಡಿಬಿ, ಲಿಮಿಟರ್ 2-3 ಡಿಬಿಗಿಂತ ಹೆಚ್ಚು ಕೆಲಸ ಮಾಡದಿರಲಿ.

ಕಾರ್ಗತ್ತಲ_ರಿಫ್
ಎರಡು ಥರವೂ ಮಿಕ್ಸ್ ಮಾಡಿ ಹಾಕ್ತೀನಿ, ಕೇಳಿ ಹೇಳಿ. ಡ್ರಮ್ ವೆಲಾಸಿಟಿ ಪೂರ್ತಿ ಮತ್ತೆ ಬರೀಬೇಕು, ಅದಕ್ಕೆ ಸ್ವಲ್ಪ ಹೊತ್ತು ಬೇಕು.

ಧಾರವಾಡ_ಡ್ರಮ್ಸ್
ಬರ್ಯೂ ಮುಂದ ಮೊದಲ ಕ್ರ್ಯಾಶ್ ಎಲ್ಲೆಲ್ಲಿ ಅಂತ ಗುರ್ತ ಹಾಕ್ರಿ. ಸ್ನೇರ್ ಆಮ್ಯಾಲ.